ನಿದಾನ ತಪ್ಪಿದಾಗ

ಉತ್ತರಕ್ರಿಯೆಗಳೆಲ್ಲ ಮುಗಿದು, ಬಂದ ನೆಂಟರು ಊರಿಗೆ ಹಿಂತಿರುಗಿದ ಮೇಲೆ ಅವರು ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಎಕ್ಸ್‌ರೇ ಹಾಳೆಗಳು, ರಕ್ತಪರೀಕ್ಷೆಯ ವರದಿಗಳು, ಔಷಧದಂಗಡಿಯ ರಸೀದಿಗಳು, ಮಡಿಕೆ ಬಿದ್ದ ಚೀಟಿಗಳು. ಅವನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದು ಕೇಳುತ್ತಾರೆ: ‘ಡಾಕ್ಟರು ಒಂದು ಕಾಯಿಲೆ ಅಂದರು, ಇದ್ದದ್ದು ಇನ್ನೊಂದು ಕಾಯಿಲೆ. ಇದಕ್ಕೆ ಕಾನೂನಿನಲ್ಲಿ ಏನೂ ಇಲ್ಲವೇ ಸ್ವಾಮಿ?’

ಮೂವತ್ತು ವರ್ಷಗಳಿಗೂ ಮಿಕ್ಕಿ ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೂ ನಾನು ಕೊಡಬೇಕಾದ ಮೊದಲ ಉತ್ತರ ಕೇಳಿದವರ ಮುಖವನ್ನು ಪ್ರತಿಸಲವೂ ಕಂದಿಸುತ್ತದೆ. ರೋಗವನ್ನು ತಪ್ಪಾಗಿ ಗುರುತಿಸಿದ ಮಾತ್ರಕ್ಕೆ ವೈದ್ಯ ಅಪರಾಧಿಯಾಗುವುದಿಲ್ಲ. ನಷ್ಟ ತುಂಬಿಕೊಡಲು ಬಾಧ್ಯನೂ ಆಗುವುದಿಲ್ಲ. ಹಾಗಾದರೆ ಯಾವಾಗ ಆಗುತ್ತಾನೆ? ಇಂದು ನಾನು ವಿವರಿಸಬೇಕೆಂದಿರುವುದು ಅದನ್ನೇ.

ರೋಗವನ್ನು ಗುರುತಿಸುವ ಕ್ರಿಯೆಗೆ ನಮ್ಮಲ್ಲಿ ‘ನಿದಾನ’ ಎಂಬ ಹಳೆಯ ಶಬ್ದವಿದೆ. ಚರಕಸಂಹಿತೆಯ ಎಂಟು ಸ್ಥಾನಗಳಲ್ಲಿ ಎರಡನೆಯದು ನಿದಾನಸ್ಥಾನ; ಮಾಧವಕರನ ಗ್ರಂಥಕ್ಕೆ ‘ಮಾಧವನಿದಾನ’ವೆಂಬ ಹೆಸರೇ ರೂಢಿಯಾಗಿದೆ. ಇಲ್ಲಿಯದು ಅಲ್ಪಪ್ರಾಣದ ದಕಾರ. ಅಚ್ಚುಕೂಟದವರು ಅನೇಕ ವೇಳೆ ಅದನ್ನು ಮಹಾಪ್ರಾಣವಾಗಿಸಿ ‘ನಿಧಾನ’ ಎಂದು ಅಚ್ಚುಹಾಕಿಬಿಡುವುದುಂಟು. ಅದು ತಪ್ಪೇ ಸರಿ, ಆದರೆ ಪೂರ್ತಿ ಅರ್ಥವಿಲ್ಲದ ತಪ್ಪಲ್ಲ. ರೋಗ ತನ್ನ ಹೆಸರನ್ನು ಮೊದಲ ದಿನವೇ ಹೇಳಿಕೊಂಡು ಬರುವುದಿಲ್ಲ. ಮಳೆಗಾಲದ ಒಂದು ಸಂಜೆ ಜ್ವರ, ತಲೆನೋವು, ಮೈಕೈನೋವು ಎಂದು ಬಂದವನಿಗೆ ಸಾಮಾನ್ಯ ಶೀತಜ್ವರವಿರಬಹುದು, ವಿಷಮಶೀತಜ್ವರವಿರಬಹುದು, ಮಲೇರಿಯಾ ಇರಬಹುದು, ಡೆಂಗೆ ಇರಬಹುದು. ಮೊದಲ ದಿನ ಇವೆಲ್ಲಕ್ಕೂ ಹೆಚ್ಚುಕಡಮೆ ಒಂದೇ ಮುಖ. ಐದನೆಯ ದಿನ ಮುಖ ಬೇರೆಯಾದಾಗ ಅದನ್ನು ನೋಡಿದ ಎರಡನೆಯ ವೈದ್ಯ ಜಾಣನೆನಿಸಿಕೊಳ್ಳುತ್ತಾನೆ, ಮೊದಲನೆಯವನು ದಡ್ಡನೆನಿಸಿಕೊಳ್ಳುತ್ತಾನೆ. ಆದುದರಿಂದ ನ್ಯಾಯಾಲಯ ತನ್ನನ್ನು ತಾನು ಮೊದಲನೆಯವನ ಕುರ್ಚಿಯಲ್ಲಿ, ಆ ದಿನದ ಬೆಳಕಿನಲ್ಲಿ ಕೂರಿಸಿಕೊಂಡು ನೋಡಬೇಕಾಗುತ್ತದೆ. ಸತ್ತ ಮೇಲೆ ದೊರೆತ ವರದಿಯನ್ನು ಬದುಕಿದ್ದಾಗಿನ ವೈದ್ಯನ ಕೈಗೆ ಕೊಟ್ಟು ‘ನಿನಗೇಕೆ ಕಾಣಲಿಲ್ಲ?’ ಎಂದು ಕೇಳುವುದು ನ್ಯಾಯವಾಗದು.

ವೈದ್ಯನ ತಪ್ಪನ್ನು ಅಳೆಯುವ ಪ್ರಯತ್ನ ಹಳೆಯದು. ಪ್ರಾಣಾಪಾಯವಿರುವ ರೋಗವನ್ನು ಮುಂದಾಗಿ ತಿಳಿಸದೆ ಚಿಕಿತ್ಸೆಗೆ ತೊಡಗಿ ರೋಗಿ ಸತ್ತರೆ ಒಂದು ದಂಡ, ಚಿಕಿತ್ಸೆಯ ದೋಷದಿಂದಲೇ ಸತ್ತರೆ ಅದಕ್ಕಿಂತ ಹೆಚ್ಚಿನ ದಂಡ ಎಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಂಗಡಣೆ ಇದೆ. ನಮ್ಮ ಇಂದಿನ ನ್ಯಾಯಾಲಯಗಳು ಬಳಸುವ ಅಳತೆಗೋಲು ಮಾತ್ರ ಇಂಗ್ಲೆಂಡಿನಿಂದ ಬಂದುದು. 1957ರಲ್ಲಿ ಬೋಲಮ್ ಎಂಬ ಪ್ರಕರಣದಲ್ಲಿ ನ್ಯಾಯಮೂರ್ತಿ ಮೆಕ್‌ನೇರ್ ಜ್ಯೂರಿಗೆ ಕೊಟ್ಟ ವಿವರಣೆ ಅದು. ಅದರ ಸಾರವಿಷ್ಟು: ವೈದ್ಯನಲ್ಲಿ ಅಸಾಧಾರಣ ಪ್ರತಿಭೆಯನ್ನು ಕಾನೂನು ನಿರೀಕ್ಷಿಸುವುದಿಲ್ಲ. ಆ ವೃತ್ತಿಯ ಸಾಧಾರಣ ಕುಶಲಿಯಾದವನು ಸಾಧಾರಣ ಎಚ್ಚರದಿಂದ ಏನು ಮಾಡುತ್ತಿದ್ದನೋ ಅಷ್ಟನ್ನು ನಿರೀಕ್ಷಿಸುತ್ತದೆ. ಜವಾಬ್ದಾರಿಯುಳ್ಳ ವೈದ್ಯರ ಒಂದು ವರ್ಗ ಒಪ್ಪುವಂತೆ ನಡೆದವನನ್ನು, ಇನ್ನೊಂದು ವರ್ಗ ಒಪ್ಪದೆಂಬ ಕಾರಣಕ್ಕೆ, ದೋಷಿಯೆನ್ನಲಾಗದು. ಅದಕ್ಕೆ ಎರಡು ವರ್ಷ ಮುಂಚೆ, 1955ರಲ್ಲಿ, ಸ್ಕಾಟ್ಲೆಂಡಿನ ನ್ಯಾಯಾಲಯವೊಂದು ರೋಗನಿದಾನದಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ವಿಪುಲವಾದ ಅವಕಾಶವುಂಟೆಂದು ಸ್ಪಷ್ಟವಾಗಿ ಹೇಳಿತ್ತು.

ಇದನ್ನು ಕೇಳಿದ ನನ್ನ ಕಕ್ಷಿದಾರರೊಬ್ಬರು, ‘ಅಂದರೆ ಡಾಕ್ಟರರ ತಪ್ಪನ್ನು ಡಾಕ್ಟರರೇ ಅಳೆಯುತ್ತಾರೆ ಎಂದಾಯಿತು’ ಎಂದರು. ಆಕ್ಷೇಪಣೆ ಅಲ್ಲಗಳೆಯುವಂಥದಲ್ಲ. 1997ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯೇ ಬೊಲಿತೋ ಪ್ರಕರಣದಲ್ಲಿ ಈ ಬಾಗಿಲಿಗೆ ಒಂದು ಅಗುಳಿ ಹಾಕಿತು. ವೃತ್ತಿಬಾಂಧವರು ಬಂದು ‘ನಾವೂ ಹೀಗೆಯೇ ಮಾಡುತ್ತಿದ್ದೆವು’ ಎಂದರೆ ಸಾಲದು; ಆ ಅಭಿಪ್ರಾಯ ತರ್ಕಕ್ಕೆ ನಿಲ್ಲುವಂತಿರಬೇಕು.

ಸಾಧಾರಣ ವೈದ್ಯನೆಂದರೆ ಯಾರು? ಅವನು ಎಲ್ಲಿಯ ವೈದ್ಯ ಎಂಬುದನ್ನೂ ಇದರೊಡನೆ ಕೇಳಬೇಕು. ಮಲೆನಾಡಿನಿಂದ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮಗೆಲ್ಲ ತಿಳಿದದ್ದೇ. ಉಣುಗಿನ ಕಡಿತದಿಂದ ಹರಡುವ ಆ ಜ್ವರದ ಕಾಲ ಚಳಿಗಾಲದಿಂದ ಬೇಸಗೆಯವರೆಗೆ. ಜನವರಿಯಲ್ಲಿ ಕಾಡಿನಂಚಿನ ಹಳ್ಳಿಯಿಂದ, ದರಗು ಗುಡಿಸಲು ಹೋಗಿಬಂದ ಹೆಂಗಸೊಬ್ಬಳು ತೀವ್ರ ಜ್ವರದಿಂದ ಸಾಗರದ ಆಸ್ಪತ್ರೆಗೆ ಬಂದಳೆನ್ನಿ. ಸುತ್ತಮುತ್ತ ಮಂಗಗಳು ಸತ್ತಿವೆಯೆಂಬ ಸುದ್ದಿಯೂ ಇದೆಯೆನ್ನಿ. ಅಲ್ಲಿಯ ವೈದ್ಯನಿಗೆ ಆ ಕಾಯಿಲೆಯ ನೆನಪೇ ಬಾರದಿದ್ದರೆ ಅದು ಕ್ಷಮ್ಯವಲ್ಲ. ಅದೇ ಹೆಂಗಸು ದೆಹಲಿಯ ವೈದ್ಯನೊಬ್ಬನ ಮುಂದೆ ಕುಳಿತರೆ ಅವನಿಗೆ ಥಟ್ಟನೆ ಹೊಳೆಯದಿರುವುದು ಸಹಜ. ಆದರೆ ‘ಎಲ್ಲಿಂದ ಬಂದೆ ತಾಯಿ, ಏನು ಕೆಲಸ ಮಾಡುತ್ತೀ?’ ಎಂದು ಅವನೂ ಕೇಳಬೇಕಾಗಿತ್ತು. ಕೇಳದೆ ಇದ್ದುದು, ಕೇಳಿಯೂ ತಿಳಿಯದೆ ಹೋದುದು, ಇವೆರಡರ ನಡುವೆ ಕಾನೂನು ಬಹುದೊಡ್ಡ ಅಂತರವನ್ನು ಕಾಣುತ್ತದೆ.

ಜ್ವರದ ಮಾತು ಬಂದಿರುವಾಗ ನಮ್ಮ ದೇಶದ್ದೇ ಆದ, ನನ್ನ ಅಭಿಪ್ರಾಯದಲ್ಲಿ ಈ ವಿಷಯವನ್ನು ಎಲ್ಲಕ್ಕಿಂತ ಚೆನ್ನಾಗಿ ತಿಳಿಸಿಕೊಡುವ ಪ್ರಕರಣವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2002ನೆಯ ಇಸವಿ ಜುಲೈ 20ರಂದು ಹೈದರಾಬಾದಿನಲ್ಲಿ ಒಬ್ಬರು ತಮ್ಮ ಪತ್ನಿಯನ್ನು ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಬಿಟ್ಟು ಬಿಟ್ಟು ಬರುವ ಜ್ವರ, ಜೊತೆಗೆ ಚಳಿ. ವಿಧಿಯ ಕುಹಕವೆಂದರೆ ಆ ಪತಿ ಸ್ವತಃ ಮಲೇರಿಯಾ ಇಲಾಖೆಯ ಅಧಿಕಾರಿ. ಆಸ್ಪತ್ರೆಯಲ್ಲಿ ಕೆಲವು ಪರೀಕ್ಷೆಗಳು ನಡೆದುವು, ಮಲೇರಿಯಾದ ಪರೀಕ್ಷೆಯೊಂದನ್ನು ಬಿಟ್ಟು. ವಿಷಮಶೀತಜ್ವರವೆಂದು ಭಾವಿಸಿ ಔಷಧ ಕೊಟ್ಟರು. ಜ್ವರ ಔಷಧಕ್ಕೆ ಮಣಿಯಲಿಲ್ಲ. ನಾಲ್ಕು ದಿನಗಳ ಮೇಲೆ, ಜುಲೈ 24ರಂದು, ನಾಡಿ ಸಿಗದ ಸ್ಥಿತಿಯಲ್ಲಿ ಆಕೆಯನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿ ರಕ್ತಲೇಪವನ್ನು ಪರೀಕ್ಷಿಸಿದಾಗ ಮಲೇರಿಯಾದ ಪರೋಪಜೀವಿಗಳು ಕಂಡುಬಂದುವು. ವಿಷಮಶೀತಜ್ವರವನ್ನು ತೋರಿಸುವ ವಿಡಾಲ್ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಂದೇ ಆಕೆ ತೀರಿಕೊಂಡರು.

ಜಿಲ್ಲಾ ಗ್ರಾಹಕ ವೇದಿಕೆ ಎರಡು ಲಕ್ಷ ರೂಪಾಯಿ ಪರಿಹಾರವನ್ನೂ, ಆಸ್ಪತ್ರೆಗೆ ಕಟ್ಟಿದ್ದ ಹಣದಲ್ಲಿ ಹತ್ತು ಸಾವಿರದ ಮರುಪಾವತಿಯನ್ನೂ ವಿಧಿಸಿತು. ತಜ್ಞರ ಸಾಕ್ಷ್ಯವಿಲ್ಲವೆಂದು ರಾಜ್ಯ ಆಯೋಗ ಅದನ್ನು ತಳ್ಳಿಹಾಕಿತು. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು. ಕಡೆಗೆ 2010ರ ಮಾರ್ಚ್‌ನಲ್ಲಿ, ಆಕೆ ತೀರಿಕೊಂಡು ಏಳೂವರೆ ವರ್ಷ ಕಳೆದ ಮೇಲೆ, ಸುಪ್ರೀಂ ಕೋರ್ಟು ಜಿಲ್ಲಾ ವೇದಿಕೆಯ ಆದೇಶವನ್ನೇ ಮರಳಿ ಸ್ಥಾಪಿಸಿತು. ಮಲೇರಿಯಾಕ್ಕೆ ತಾವು ಚಿಕಿತ್ಸೆ ಮಾಡಲಿಲ್ಲವೆಂದು ಆಸ್ಪತ್ರೆಯ ವೈದ್ಯರೇ ಸಾಕ್ಷ್ಯದಲ್ಲಿ ಒಪ್ಪಿದ್ದರು. ಇಂಥಲ್ಲಿ ಇನ್ನೊಬ್ಬ ತಜ್ಞ ಬಂದು ಹೇಳಬೇಕಾದದ್ದೇನು? ಪ್ರತಿಯೊಂದು ಪ್ರಕರಣದಲ್ಲಿಯೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ, ವಿಷಯ ತಾನಾಗಿಯೇ ಮಾತನಾಡುವಷ್ಟು ಸ್ಪಷ್ಟವಾಗಿರುವಲ್ಲಿ ಅದು ಬೇಕಿಲ್ಲ ಎಂದು ನ್ಯಾಯಪೀಠ ತೀರ್ಮಾನಿಸಿತು.

ಈ ಪ್ರಕರಣದ ತಿರುಳನ್ನು ಗಮನಿಸಬೇಕು. ವೈದ್ಯರು ಮೊದಲ ದಿನ ವಿಷಮಶೀತಜ್ವರವೆಂದು ಶಂಕಿಸಿದ್ದರಲ್ಲಿ ದೋಷವೇನೂ ಇರಲಿಲ್ಲ. ಚಳಿಯಿಂದ ಕೂಡಿ ಬಿಟ್ಟು ಬಿಟ್ಟು ಬರುವ ಜ್ವರವನ್ನು ಕಂಡೂ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡದೆ ಇದ್ದುದರಲ್ಲಿ ದೋಷವಿತ್ತು. ಕೊಟ್ಟ ಔಷಧ ಕೆಲಸ ಮಾಡುತ್ತಿಲ್ಲವೆಂದು ದಿನದಿನಕ್ಕೆ ಕಾಣುತ್ತಿದ್ದರೂ ‘ನನ್ನ ಎಣಿಕೆ ತಪ್ಪಿರಬಹುದೇ?’ ಎಂದು ಹಿಂತಿರುಗಿ ನೋಡದೆ ಇದ್ದುದರಲ್ಲಿ ಇನ್ನೂ ಹೆಚ್ಚಿನ ದೋಷವಿತ್ತು. ನಾನು ಪಾಟೀಸವಾಲು ಮಾಡುವಾಗ ವೈದ್ಯರನ್ನು ‘ನೀವೇಕೆ ತಪ್ಪಿದಿರಿ?’ ಎಂದು ಕೇಳುವುದೇ ಇಲ್ಲ. ರೋಗಿಯ ಪೂರ್ವವೃತ್ತಾಂತ ಕೇಳಿದಿರಾ, ಮೈಮುಟ್ಟಿ ನೋಡಿದಿರಾ, ಮನಸ್ಸಿಗೆ ಬಂದ ಇತರ ಸಾಧ್ಯತೆಗಳು ಯಾವುವು, ಅವನ್ನು ಯಾವ ಆಧಾರದಿಂದ ಕೈಬಿಟ್ಟಿರಿ, ಬಂದ ವರದಿಯನ್ನು ಓದಿದಿರಾ, ಮತ್ತೆ ಯಾವಾಗ ಬರಬೇಕೆಂದು ಹೇಳಿದಿರಿ — ಇಷ್ಟೇ ನನ್ನ ಪ್ರಶ್ನೆಗಳು. ಇವುಗಳಿಗೆಲ್ಲ ಉತ್ತರವಿದ್ದವನು ತಪ್ಪು ನಿರ್ಣಯಕ್ಕೆ ಬಂದಿದ್ದರೂ ತಲೆಯೆತ್ತಿ ಕಟಕಟೆಯಿಂದ ಇಳಿಯುತ್ತಾನೆ. ಓದದೆ ಕಡತಕ್ಕೆ ಸೇರಿಸಿದ ಒಂದು ವರದಿಯನ್ನು ಮಾತ್ರ ಯಾವ ಪದವಿಯೂ ಸಮರ್ಥಿಸಲಾರದು.

ಇಷ್ಟು ಸಿದ್ಧವಾದರೂ ದಾರಿ ಮುಗಿಯಲಿಲ್ಲ. ಕರ್ತವ್ಯಚ್ಯುತಿಯಿಂದಲೇ ಹಾನಿಯಾಯಿತೆಂದು ತೋರಿಸಬೇಕು. ಜನಕ್ಕೆ ಅತ್ಯಂತ ಕಠಿಣವಾಗಿ ಕಾಣುವ ಮೆಟ್ಟಿಲು ಇದೇ. ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಲಂಡನ್ನಿನ ಒಂದು ಪ್ರಸಂಗವುಂಟು. 1966ರ ಹೊಸವರ್ಷದ ಮುಂಜಾನೆ ಮೂವರು ರಾತ್ರಿ ಕಾವಲುಗಾರರು ಚಹ ಕುಡಿದು, ವಾಂತಿ ತಡೆಯಲಾರದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಕರ್ತವ್ಯದಲ್ಲಿದ್ದ ವೈದ್ಯನಿಗೇ ಅಂದು ಮೈ ಸರಿಯಿರಲಿಲ್ಲ. ಅವರನ್ನು ನೋಡದೆಯೇ, ಮನೆಗೆ ಹೋಗಿ ತಮ್ಮ ತಮ್ಮ ವೈದ್ಯರನ್ನು ಕಾಣಲಿ ಎಂದು ದಾದಿಯ ಮೂಲಕ ಹೇಳಿ ಕಳಿಸಿದ. ಒಬ್ಬ ಅಂದೇ ಮಧ್ಯಾಹ್ನ ಸತ್ತ. ಚಹದಲ್ಲಿ ಪಾಷಾಣವಿತ್ತು. ವೈದ್ಯ ಕರ್ತವ್ಯ ತಪ್ಪಿದನೆಂದು ನ್ಯಾಯಾಧೀಶರು ಸಂದೇಹವಿಲ್ಲದೆ ಹೇಳಿದರು. ಹೇಳಿ, ವಿಧವೆಯ ದಾವೆಯನ್ನು ವಜಾಮಾಡಿದರು. ಆ ಬೆಳಿಗ್ಗೆ ಆತನನ್ನು ಒಳಗೆ ಸೇರಿಸಿಕೊಂಡು ಎಲ್ಲ ಪರೀಕ್ಷೆ ಮಾಡಿದ್ದರೂ, ವಿಷವೆಂದು ತಿಳಿದು ಪ್ರತ್ಯೌಷಧ ಕೊಡುವ ಹೊತ್ತಿಗೆ ಕಾಲ ಮೀರುತ್ತಿತ್ತು ಎಂಬುದೇ ಕಾರಣ.

ಇನ್ನೊಂದು ಪ್ರಕರಣದಲ್ಲಿ, 1977ರಲ್ಲಿ, ಹದಿಮೂರು ವರ್ಷದ ಹುಡುಗನೊಬ್ಬ ಹಗ್ಗದಿಂದ ಬಿದ್ದು ಸೊಂಟದ ಕೀಲಿಗೆ ಪೆಟ್ಟು ಮಾಡಿಕೊಂಡ. ಆಸ್ಪತ್ರೆಯಲ್ಲಿ ಅದನ್ನು ಕಾಣದೆ ಮನೆಗೆ ಕಳಿಸಿದರು; ಐದು ದಿನಗಳ ಮೇಲೆ ನಿಜ ತಿಳಿಯಿತು. ಅಂದೇ ತಿಳಿದಿದ್ದರೂ ಕೀಲು ಕೆಡದೆ ಉಳಿಯುವ ಸಂಭವ ನೂರಕ್ಕೆ 25 ಮಾತ್ರವಿತ್ತೆಂದು ವಿಚಾರಣಾ ನ್ಯಾಯಾಧೀಶರು ಕಂಡುಕೊಂಡು, ಪರಿಹಾರದಲ್ಲಿಯೂ ಕಾಲುಭಾಗವನ್ನು ಕೊಟ್ಟರು. ನನಗೆ ಆ ಲೆಕ್ಕ ಇಂದಿಗೂ ಮನುಷ್ಯತ್ವವುಳ್ಳದ್ದಾಗಿ ತೋರುತ್ತದೆ. ಆದರೆ 1987ರಲ್ಲಿ ಲಾರ್ಡ್ಸ್ ಸಭೆ ಅದನ್ನು ಒಪ್ಪಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಂಭವವಿದ್ದರೆ ಪೂರ್ಣ ಪರಿಹಾರ, ಇಲ್ಲವಾದರೆ ಏನೂ ಇಲ್ಲ ಎಂಬುದು ಅಲ್ಲಿ ನಿಂತ ನಿಯಮ.

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳದೆ ಮುಂದುವರಿಯಲಾರೆ. ಕೆಲವು ವರ್ಷಗಳ ಹಿಂದೆ, ಮಾರ್ಗಶಿರದ ಒಂದು ಬೆಳಗಿನ ಜಾವ, ಐವತ್ತೆಂಟು ವರ್ಷದ ನನ್ನ ಅಣ್ಣನಿಗೆ ಎದೆಗುಂಡಿಗೆಯ ಕೆಳಗೆ ಉರಿ ಕಾಣಿಸಿಕೊಂಡಿತು. ಆ ಚಳಿಯಲ್ಲಿಯೂ ಬೆವರಿದ್ದನಂತೆ. ಊರಿನ ಚಿಕ್ಕ ಆಸ್ಪತ್ರೆಗೆ ಅತ್ತಿಗೆ ಕರೆದೊಯ್ದರು. ವೈದ್ಯರು ಇ.ಸಿ.ಜಿ. ತೆಗೆದರು, ಅದರಲ್ಲಿ ಏನೂ ಇರಲಿಲ್ಲ. ಹೊಟ್ಟೆಯ ಆಮ್ಲವೆಂದು ಒಂದು ಚುಚ್ಚುಮದ್ದು ಕೊಟ್ಟು, ಮೂರು ಮಾತ್ರೆ ಬರೆದು ಕಳಿಸಿದರು. ನಾನು ಬೇರೆ ಕೆಲಸದ ಮೇಲೆ ಅಂದು ಮಧ್ಯಾಹ್ನ ಊರಿಗೆ ಹೋಗಿದ್ದೆ. ‘ಗ್ಯಾಸಂತೆ ಕಣೋ’ ಎಂದು ಅಣ್ಣ ನಕ್ಕ. ಜೊತೆಯಲ್ಲಿ ಕೂತು ಊಟ ಮಾಡಿದೆವು; ಅವನು ಮಜ್ಜಿಗೆ ಅನ್ನವಷ್ಟೇ ಉಂಡ. ಸಂಜೆ ಐದರ ಹೊತ್ತಿಗೆ ಜಗಲಿಯ ಮೇಲೆ ಕುಸಿದ. ಜಿಲ್ಲಾಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಹೃದಯಾಘಾತದ ಮೊದಲ ಗಳಿಗೆಗಳಲ್ಲಿ ಇ.ಸಿ.ಜಿ. ಸರಿಯಾಗಿಯೇ ಇರಬಹುದು, ಇದು ವೈದ್ಯಕೀಯದ ಮೊದಲ ಪಾಠಗಳಲ್ಲಿ ಒಂದು. ಹೃದಯದ ಕೆಳಗೋಡೆಯ ಆಘಾತ ಹೊಟ್ಟೆನೋವಿನ ವೇಷದಲ್ಲಿ ಬರುವುದೂ ಹೊಸ ಸಂಗತಿಯಲ್ಲ. ಆದುದರಿಂದಲೇ, ಶಂಕೆಯಿರುವಲ್ಲಿ ರೋಗಿಯನ್ನು ಕೂರಿಸಿಕೊಂಡು ಮತ್ತೆ ಮತ್ತೆ ಇ.ಸಿ.ಜಿ. ತೆಗೆಯಬೇಕು, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮಾಡಬೇಕು, ಅನುಕೂಲವಿಲ್ಲದಿದ್ದರೆ ಇರುವಲ್ಲಿಗೆ ಕಳಿಸಬೇಕು. ಮೊದಲ ಇ.ಸಿ.ಜಿ.ಯಲ್ಲಿ ರೋಗ ಕಾಣದ್ದಕ್ಕೆ ಆ ವೈದ್ಯರನ್ನು ನಾನು ಎಂದೂ ದೂರಲಿಲ್ಲ. ಎರಡನೆಯದೇಕೆ ಆಗಲಿಲ್ಲವೆಂಬುದೇ ನನ್ನ ಪ್ರಶ್ನೆಯಾಗಿತ್ತು. ಹದಿನೈದು ದಿನ ಕಳೆದು ಅವರನ್ನು ಕಂಡೆ. ‘ಎರಡು ಗಂಟೆ ಇಲ್ಲೇ ಕೂತಿರಿ, ಇನ್ನೊಂದು ಸಲ ನೋಡೋಣ ಎಂದು ನಾನು ಹೇಳಿದ್ದೆ’ ಎಂದರು, ಕಣ್ಣು ತುಂಬಿದ್ದುವು. ಹಾಗೆ ಅವರು ಹೇಳಲೇ ಇಲ್ಲವೆಂದು ಅತ್ತಿಗೆ ದೇವರ ಮುಂದೆ ನಿಂತು ಹೇಳಿದರು. ಇಬ್ಬರೂ ಸುಳ್ಳಾಡುವವರಲ್ಲ. ಚೀಟಿಯಲ್ಲಿ ಮೂರು ಮಾತ್ರೆಗಳ ಹೆಸರು ಬಿಟ್ಟು ಬೇರೊಂದು ಅಕ್ಷರವಿಲ್ಲ.

ಕಾನೂನಿನ ಕಣ್ಣಿನಿಂದ ನೋಡಿದರೆ ಆ ಚೀಟಿಯೇ ಸಾಕ್ಷಿ. ಬರೆದಿಟ್ಟಿಲ್ಲದ ಸಲಹೆಯನ್ನು ಕೊಟ್ಟೆನೆಂದು ಸ್ಥಾಪಿಸುವುದು ವೈದ್ಯನಿಗೆ ಬಹಳ ಕಷ್ಟ. ಆ ಹೊತ್ತಿನಲ್ಲಿ ರೋಗ ಗೊತ್ತಾಗಿದ್ದರೆ ಬದುಕುವ ಸಂಭವ ಅರ್ಧಕ್ಕಿಂತ ಎಷ್ಟೋ ಹೆಚ್ಚಿತ್ತೆಂದು ಹೃದ್ರೋಗತಜ್ಞರಾದ ನನ್ನ ಸ್ನೇಹಿತರೊಬ್ಬರು ಹೇಳಿದರು. ದೂರು ಹಾಕಿದ್ದರೆ ಗೆಲ್ಲುತ್ತಿದ್ದೆವೆಂದೇ ನನ್ನ ಎಣಿಕೆ. ಆದರೆ ಅತ್ತಿಗೆ ಒಪ್ಪಲಿಲ್ಲ. ‘ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ಮನೆಗೆ ಬಂದು ನೋಡಿದವರು ಅವರು’ ಎಂದರು. ಮಧ್ಯಾಹ್ನ ಅಣ್ಣನ ಎದುರು ಕೂತು ಉಂಡ ನಾನೂ ‘ಎರಡನೆಯ ಸಲ ನೋಡಿದರೇ?’ ಎಂದು ಕೇಳಿರಲಿಲ್ಲ. ಇಂಥ ಮೊಕದ್ದಮೆಗಳನ್ನೇ ನಡೆಸಿ ಅನ್ನ ತಿಂದವನು ನಾನು.

ಇನ್ನು ವಿಧಿವಿಧಾನಗಳ ಮಾತು. ಸೇವೆಗೆ ಹಣ ಪಡೆಯುವ ವೈದ್ಯರು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಸೇರುತ್ತಾರೆಂದು ಸುಪ್ರೀಂ ಕೋರ್ಟು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ನಿರ್ಧರಿಸಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗೆ. ಅವುಗಳ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ದಾರಿಯಿದೆ. ವಕೀಲರು ಈ ಕಾಯ್ದೆಯೊಳಗೆ ಬರುವುದಿಲ್ಲವೆಂದು ಅದೇ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಹೇಳಿದಾಗ ನನ್ನ ವೈದ್ಯಮಿತ್ರರು ನನ್ನನ್ನು ಸಾಕಷ್ಟು ಹಾಸ್ಯ ಮಾಡಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅನೇಕರು ಮೊದಲು ಓಡುವುದು ಪೊಲೀಸ್ ಠಾಣೆಗೆ. ಅದು ಬೇರೆಯೇ ದಾರಿ. ಶಿಕ್ಷೆಯ ಕಾನೂನಿಗೆ ಸಾಮಾನ್ಯ ನಿರ್ಲಕ್ಷ್ಯ ಸಾಲದು, ಗುರುತರವಾದ ನಿರ್ಲಕ್ಷ್ಯವಿರಬೇಕೆಂದು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪು ಸಾರಿತು. ಇನ್ನೊಬ್ಬ ಸಮರ್ಥ ವೈದ್ಯನ ಅಭಿಪ್ರಾಯದ ಬೆಂಬಲವಿಲ್ಲದೆ ಖಾಸಗಿ ದೂರನ್ನು ಪುರಸ್ಕರಿಸಬಾರದೆಂದೂ, ಪೊಲೀಸರು ಮುಂದುವರಿಯುವ ಮುನ್ನ ನಿಷ್ಪಕ್ಷಪಾತಿಯಾದ, ಆದಷ್ಟೂ ಸರ್ಕಾರಿ ಸೇವೆಯಲ್ಲಿರುವ ವೈದ್ಯನ ಅಭಿಪ್ರಾಯ ಪಡೆಯಬೇಕೆಂದೂ ವಿಧಿಸಿತು. ಹಳೆಯ ದಂಡಸಂಹಿತೆಯ 304-ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 106ನೆಯ ಕಲಮು ಬಂದಿದೆ. ನೋಂದಾಯಿತ ವೈದ್ಯನಿಗೆ ಚಿಕಿತ್ಸೆಯ ಸಂದರ್ಭದಲ್ಲಿ ಗರಿಷ್ಠ ಎರಡು ವರ್ಷ ಎಂಬ ಪ್ರತ್ಯೇಕ ಮಿತಿ ಅದರಲ್ಲಿದೆ. ತಪ್ಪು ನಿದಾನದ ಪ್ರಕರಣಗಳು ಈ ಮಟ್ಟಕ್ಕೆ ಏರುವುದು ವಿರಳ, ಹಾಗಿರುವುದೇ ಲೇಸು ಎಂದು ನನ್ನ ಭಾವನೆ. ಸೆರೆಮನೆಯ ಭಯದಲ್ಲಿ ರೋಗಿಯನ್ನು ನೋಡುವವನು ಬೇಡದ ಹತ್ತು ಪರೀಕ್ಷೆಗಳನ್ನು ಬರೆಯುತ್ತಾನೆ, ಇಲ್ಲವೆ ಕಷ್ಟದ ರೋಗಿಯನ್ನು ಬಾಗಿಲಿನಿಂದಲೇ ಸಾಗಹಾಕುತ್ತಾನೆ.

ಪ್ಲಾಸ್ಟಿಕ್ ಚೀಲ ಹಿಡಿದು ಬಂದವರಿಗೆ ನಾನು ಮೊದಲು ಹೇಳುವ ಕೆಲಸವೊಂದೇ. ಒಳರೋಗಿಯಾಗಿದ್ದರೆ ಆಸ್ಪತ್ರೆಯ ಸಂಪೂರ್ಣ ದಾಖಲೆಯನ್ನು ಲಿಖಿತವಾಗಿ ಕೇಳಿರಿ. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ 72 ಗಂಟೆಗಳೊಳಗೆ ಅದನ್ನು ಕೊಡಬೇಕು. ಮೂರು ವರ್ಷ ಕಾಪಾಡಿಡಲೂ ಬೇಕು. ಆ ಕಾಗದಗಳನ್ನು, ಸಂಬಂಧವಿಲ್ಲದ ಊರಿನ, ಅದೇ ಶಾಖೆಯ ವೈದ್ಯರೊಬ್ಬರಿಗೆ ತೋರಿಸಿರಿ. ಗ್ರಾಹಕ ಆಯೋಗಕ್ಕೆ ಹೋಗಲು ಇರುವ ಅವಧಿ ಎರಡು ವರ್ಷ; ದುಃಖದಲ್ಲಿ ಆರು ತಿಂಗಳು ಕಳೆದದ್ದೇ ತಿಳಿಯುವುದಿಲ್ಲ. ಕಾಗದ ಓದಿದ ಮೇಲೆ ಅರ್ಧಕ್ಕರ್ಧ ಜನ ಮತ್ತೆ ಬರುವುದಿಲ್ಲ. ಬಂದವರಲ್ಲಿ ಕೆಲವರು ದೂರು ಹಾಕುವುದಕ್ಕೂ ಮುಂಚೆ, ಆ ವೈದ್ಯರೊಡನೆ ಒಮ್ಮೆ ಕೂತು ಮಾತನಾಡಲು ಸಾಧ್ಯವೇ ಎಂದು ಕೇಳುತ್ತಾರೆ. ಅಂಥ ಭೇಟಿಯನ್ನು ನಾನು ಏಳೆಂಟು ಸಲ ಏರ್ಪಡಿಸಿದ್ದೇನೆ. ವೈದ್ಯರು ಬಂದದ್ದು ಮೂರು ಸಲ.